ಹೆಣ್ಣುಕುದುರೆಯ ಎಡಗೊರಸು

"ನಾಲ್ವರು ಅಣ್ಣತಮ್ಮಂದಿರು ಒಂದೇ ಹೊರೆ ಹೊತ್ತು ನಡೆಯುತ್ತಾರೆ. ಒಬ್ಬನ ಹಿಮ್ಮಡಿ ಮಾತ್ರ ಎತ್ತರ. ಅದನ್ನು ಇಳಿಸಿ ಉಪಕಾರ ಮಾಡಲು ಹೋದವನೇ ಹೊರೆಯನ್ನು ಕಮರಿಗೆ ತಳ್ಳುತ್ತಾನೆ. ಅದೇನು ಹೇಳು?"

ಗುರುಗಳು ಹೀಗೆ ಕೇಳಿದರು. ನಾನು ಕೇಳಿದ್ದೇ ಬೇರೆ. ಎಡಗೈಯಲ್ಲಿ ಬರೆಯುವ ನನ್ನ ಸಹಪಾಠಿ ಹಾಲಪ್ಪನ ಆ ಕೈಯನ್ನು ಬೆಳಿಗ್ಗೆಯೇ ಕಂಬಕ್ಕೆ ಕಟ್ಟಿದ್ದೆ. ಸಂಜೆಯೊಳಗೆ ಇವನು ಬಲಗೈಯಲ್ಲಿ ಬರೆಯದಿದ್ದರೆ ನೋಡಿ ಎಂದು ಎಲ್ಲರೆದುರು ಪಂಥ ಬೇರೆ ಕಟ್ಟಿದ್ದೆ. ಸಿಕ್ಕಿಬಿದ್ದಾಗ, "ಡೊಂಕನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡಿದರೆ ತಪ್ಪೇನು ಗುರುಗಳೇ?" ಎಂದು ಕೇಳಿದ್ದೆ, ಅಷ್ಟೆ.

ಒಗಟಿಗೆ "ಮಂಚ" ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಗುರುಗಳು ನಗಲಿಲ್ಲ. "ಕುದುರೆಯ ಕಾಲು" ಎಂದು ಕತೆ ಶುರುಮಾಡಿದರು.

ಘಟ್ಟದ ಬುಡದಲ್ಲಿ ಕುದುರೆಗಳಿಗೆ ಲಾಳ ಕಟ್ಟುವವನೊಬ್ಬನಿದ್ದ. ಅವನ ಬಳಿಗೆ ಒಬ್ಬ ವರ್ತಕ ಹೆಣ್ಣುಕುದುರೆಯೊಂದನ್ನು ತಂದ. ಅದರ ಮುಂಗಾಲಿನ ಬಲಗೊರಸು ತಟ್ಟೆಯ ಹಾಗೆ ಅಗಲ. ಎಡಗೊರಸು ಲೋಟದ ಹಾಗೆ ನೆಟ್ಟಗೆ, ಹಿಮ್ಮಡಿ ಎತ್ತರ. ಆ ಕಾಲಿನಲ್ಲೇ ಅದು ಏಳು ವರ್ಷ ಘಟ್ಟ ಹತ್ತಿ ಇಳಿದಿತ್ತು.

"ಎರಡನ್ನೂ ಸಮ ಮಾಡು" ಎಂದ ವರ್ತಕ. "ನಾಡಿದ್ದು ಮಗಳ ಮದುವೆ. ಇದು ಅಳಿಯನಿಗೆ ಬಳುವಳಿ. ನಮ್ಮ ಬೀಗರು ಕಾಲೆತ್ತಿ ನೋಡುವ ಪೈಕಿ."

"ತಿಂಗಳಿಗೊಮ್ಮೆ ಕರೆತನ್ನಿ ಯಜಮಾನರೇ. ಒಂದೊಂದು ಸಲಕ್ಕೆ ಉಗುರಿನಷ್ಟು ತೆಗೆಯುತ್ತೇನೆ. ಕಾಲಿನ ಹಿಂದಿನ ನರ ಗಿಡ್ಡ, ಅದು ಮೆಲ್ಲಗೆ ಹೊಂದಿಕೊಳ್ಳಬೇಕು. ಆದರೂ ಎರಡೂ ಒಂದೇ ಥರ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ."

"ಹಾಗಾದರೆ ಮದುವೆಯನ್ನೇ ವರ್ಷ ಮುಂದೂಡಲೋ? ನಿಮ್ಮಪ್ಪನಾಗಿದ್ದರೆ ಇಷ್ಟು ಹೊತ್ತಿಗೆ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದ. ಅರ ಮೊಂಡಾಯಿತೋ, ನಿನ್ನ ಕೈ ಮೊಂಡಾಯಿತೋ?"

ಆ ಮಾತು ಲಾಳದವನಿಗೆ ತಾಗಿತು. ಹಿಮ್ಮಡಿಯನ್ನೆಲ್ಲ ಒಂದೇ ಸಲಕ್ಕೆ ಕೊಯ್ದುಹಾಕಿದ. ಗೊರಸುಗಳು ಅವಳಿಜವಳಿಯಾದವು. ವರ್ತಕ ಅವನ ಬೆನ್ನು ತಟ್ಟಿದ.

ಕುದುರೆ ಹೊರಟಾಗ ಅವನೊಬ್ಬನಿಗೇ ಕಂಡಿತು, ಎಡಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ನಡುವೆ ಬೆರಳು ತೂರುವಷ್ಟು ಸಂದು. ಹೆಗಲಿನ ಚರ್ಮ ನಡುಗುತ್ತಿತ್ತು. ಕೂಗಿ ಕರೆಯಬೇಕೆಂದುಕೊಂಡ. ಕರೆಯಲಿಲ್ಲ.

ಮದುವೆ ಮುಗಿಯಿತು. ಮದುಮಗಳನ್ನು ಕುದುರೆಯ ಮೇಲೆ ಕೂರಿಸಿದರು. ಗಂಡ ಲಗಾಮು ಹಿಡಿದ. ಅವರ ಊರು ಘಟ್ಟದ ಮೇಲೆ. ದಾರಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಲಾಳದವನು ದಾರಿಯ ಪಕ್ಕದಲ್ಲೇ ನಿಂತಿದ್ದ. 'ಇದರ ಮೇಲೆ ಬೇಡ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೀಗರು, "ಏನು ಲಕ್ಷಣವಾದ ಕಾಲು" ಎಂದರು. ಮಾತನ್ನು ನುಂಗಿಕೊಂಡ.

ಅವರು ಹೋದ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ. ದೂರದಿಂದ ಹಿಂಬಾಲಿಸಿದ. ಮೂರು ಗೊರಸು ಸದ್ದು ಮಾಡುತ್ತಿದ್ದವು, ನಾಲ್ಕನೆಯದು ಎಳೆಯುತ್ತಿತ್ತು. ಒಂದು ತಿರುವಿನಲ್ಲಿ ಅವರು ಮರೆಯಾದರು. ಆಚೆಯಿಂದ ಕಲ್ಲುಗಳು ಉರುಳಿದ ಸದ್ದು ಬಂತು. ಆಮೇಲೆ ಯಾವ ಸದ್ದೂ ಇಲ್ಲ.

ಗುರುಗಳು ನಿಲ್ಲಿಸಿದರು.

"ಆಮೇಲೆ?"

"ಕುದುರೆ ಮಂಡಿಯೂರಿತ್ತು. ಕಲ್ಲುಗಳಷ್ಟೇ ಕೆಳಗೆ ಹೋಗಿದ್ದವು. ಹುಡುಗಿ ಇಳಿದು, ಗಂಡನ ಕೈ ಹಿಡಿದು, ನಡೆದೇ ಮನೆ ಸೇರಿದಳು."

"ಸದ್ಯ" ಎಂದೆ. "ಅದನ್ನು ನೋಡಿ ಲಾಳದವನು ಕುಣಿದಾಡಿರಬೇಕು, ಅಲ್ಲವೇ?"

ಗುರುಗಳು ತಮ್ಮ ಅಂಗೈಗಳನ್ನು ನೋಡಿಕೊಂಡರು.

"ತಿರುವು ದಾಟಿ ನೋಡುವ ಧೈರ್ಯ ಸಾಲದೆ ಅಲ್ಲಿಂದಲೇ ಈ ಊರಿಗೆ ಓಡಿಬಂದವನು ನಾನು, ತಮ್ಮಾ, ಆ ಕೊನೆ ನಾನೇ ಕಟ್ಟಿಕೊಂಡದ್ದು."