ಮೊದಲು ತೂತು ತೋರಿಸು

ಬೆವರು ಬಾರದ ಒಂದು ಮಗು ರಾಯಚೂರಿನಲ್ಲಿತ್ತು.

ಬೆವರದಿದ್ದರೆ ಒಳ್ಳೆಯದೇ ಆಯಿತಲ್ಲ, ಪೌಡರಿನ ಖರ್ಚು ಉಳಿಯಿತು ಎಂದು ನಗಬೇಡಿ. ಬೆವರೆಂದರೆ ಮೈ ತನಗೆ ತಾನೇ ಬೀಸಿಕೊಳ್ಳುವ ಗಾಳಿ. ಈ ಮಗುವಿಗೆ ಹುಟ್ಟಿನಿಂದಲೇ ಅದಿರಲಿಲ್ಲ. ಒಳಗೆ ಹೊಕ್ಕ ಸೆಕೆ ಹೊರಗೆ ಹೋಗುವ ದಾರಿ ಕಾಣದೆ ಒಳಗೇ ಕುಳಿತುಬಿಡುತ್ತಿತ್ತು. ಹೆಸರು ನಾಗವೇಣಿ, ವಯಸ್ಸು ಎಂಟು. ಬೇಸಿಗೆ ಬಂತೆಂದರೆ ಅವಳು ಒದ್ದೆ ಫ್ರಾಕು ತೊಟ್ಟೇ ಶಾಲೆಗೆ ಹೋಗುತ್ತಿದ್ದಳು. ಶಾಲೆ ಮುಟ್ಟುವುದರೊಳಗೆ ಅದು ಒಣಗಿರುತ್ತಿತ್ತು. ಚೀಲದಲ್ಲಿ ಪುಸ್ತಕಕ್ಕಿಂತ ನೀರಿನ ಬಾಟಲಿಯೇ ಭಾರ.

ತಾಯಿ ಹುಲಿಗೆಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಪಂಚರ್ ಅಂಗಡಿ ನಡೆಸುತ್ತಿದ್ದಳು. ಅಪ್ಪನಿಂದ ಕಲಿತ ಕಸುಬು. ಗಂಡ ಲಾರಿ ಡ್ರೈವರ್. ತಿಂಗಳಿಗೆ ಎರಡು ಸಲ ಬಂದು ಹೋಗುವ ನೆಂಟ. ಅಂಗಡಿಯಲ್ಲಿ ಹುಲಿಗೆಮ್ಮನದೊಂದು ಕಟ್ಟುನಿಟ್ಟಿತ್ತು. ತೂತು ಎಲ್ಲಿದೆಯೆಂದು ನೋಡದೆ ಯಾರ ಟ್ಯೂಬಿಗೂ ಗಾಳಿ ಹೊಡೆಯುತ್ತಿರಲಿಲ್ಲ. “ಅವಸರ ಐತಿ ಅಕ್ಕಾ, ಮನೀ ಮುಟ್ಟಿದ್ರ ಸಾಕು, ಬರೇ ಗಾಳಿ ಹೊಡಿ” ಎಂದು ಯಾರೆಷ್ಟೇ ಗೋಗರೆದರೂ ಕೇಳುತ್ತಿರಲಿಲ್ಲ. ಟ್ಯೂಬನ್ನು ನೀರಿನ ಟಬ್ಬಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಗಿರಾಕಿಯ ಬೆರಳಿನಿಂದಲೇ ಮುಟ್ಟಿಸಿ, ಆಮೇಲೆ ಪ್ಯಾಚು ಹಾಕುತ್ತಿದ್ದಳು. ಸಿಟ್ಟು ಬಂದ ಕೆಲವರು ಬೇರೆ ಅಂಗಡಿಗೆ ಹೋದರು. ಹೋದವರಲ್ಲಿ ಹೆಚ್ಚಿನವರು ಗಾಡಿ ತಳ್ಳಿಕೊಂಡು ವಾಪಸು ಬಂದರು.

ಡಾಕ್ಟರು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. “ಬ್ಯಾಸಗ್ಯಾಗ ಈ ಹುಡುಗಿ ಇರೋ ಖೋಲಿ ತಣ್ಣಗಿರಬೇಕು. ಇದಕ್ಕ ಬ್ಯಾರೆ ಔಷಧ ಇಲ್ಲಮ್ಮ.”

ಹುಲಿಗೆಮ್ಮ ಎರಡು ವರ್ಷ ಹೊಟ್ಟೆಬಟ್ಟೆ ಕಟ್ಟಿ ಎಸಿ ತಂದಳು. “ಪಂಚರ್ ಹಾಕಾಕಿ ಮನ್ಯಾಗ ಎಸಿ ಅಂತವ್ವಾ, ಇನ್ನ ಕಾರ್ ಯಾವಾಗ?” ಎಂದು ಓಣಿಯವರು ಒಂದು ವಾರ ಬಾಯಿ ತುಂಬ ಮಾತಾಡಿದರು. ಒಳಗೆ ಮಗಳು ಒಣಗಿದ ಫ್ರಾಕು ತೊಟ್ಟು ನಿದ್ದೆ ಮಾಡುತ್ತಿದ್ದಳು.

ಮರುವರ್ಷದ ಮಾರ್ಚಿನಲ್ಲಿ ಎಸಿ ಕೈಕೊಟ್ಟಿತು. ಫ್ಯಾನಿನ ಹಾಗೆ ಗಾಳಿ ಬೀಸುತ್ತದೆ, ತಂಪು ಮಾತ್ರ ಇಲ್ಲ.

ಊರಿನಲ್ಲಿ ಎಸಿ ರಿಪೇರಿಯ ಗುತ್ತಿಗೆ ಹಿಡಿದವನು ವಿರೂಪಾಕ್ಷಿ. ಅಂಗಡಿಯ ಬೋರ್ಡಿನ ಮೇಲೆ ಮಂಜಿನ ಗುಡ್ಡ, ಅದರ ಮೇಲೊಂದು ಬಿಳಿ ಕರಡಿ. ಫೋನು ಮಾಡಿದರೆ ಬೆಣ್ಣೆಯಂಥ ಮಾತು. “ನಾಳೆ ಹತ್ತಕ್ಕ ಹುಡುಗ್ರು ಇರ್ತಾರ ಅಕ್ಕಾರ.” ಹುಲಿಗೆಮ್ಮ ಅಂಗಡಿ ಮುಚ್ಚಿ ಕಾದಳು. ಹತ್ತು ಹೋಗಿ ಎರಡಾಯಿತು. ಮತ್ತೆ ಫೋನು ಮಾಡಿದರೆ “ದಾರ್ಯಾಗ ಅದಾರ ಅಕ್ಕಾರ, ನಾನೂ ಜೋಡಿ ಅದೀನಿ” ಎಂದ. ದಾರಿಯಲ್ಲಿದ್ದವನ ಫೋನಿನಲ್ಲಿ ಹಾರನ್ ಕೇಳಬೇಕು. ಇವನ ಫೋನಿನಲ್ಲಿ ಕುಕ್ಕರು ಕೂಗುತ್ತಿತ್ತು. ಇಂಥ ‘ದಾರಿ’ಯಲ್ಲಿ ಇರುವವರು ದಿಲ್ಲಿಯಲ್ಲೂ ಇದ್ದಾರೆ, ದುಬೈಯಲ್ಲೂ ಇದ್ದಾರೆ. ಭಾಷೆ ಬೇರೆ, ಕುಕ್ಕರು ಒಂದೇ.

ಮೂರನೆಯ ದಿನ ಒಬ್ಬ ಬಂದ. ಹೊರಗಿನ ಡಬ್ಬಕ್ಕೆ ಮೀಟರು ಹಚ್ಚಿ, ತುಟಿ ಉಬ್ಬಿಸಿ, “ಗ್ಯಾಸ್ ಖಾಲಿ ಆಗೈತ್ರಿ” ಎಂದ. ತುಂಬಿದ. ಖೋಲಿ ತಣ್ಣಗಾಯಿತು. ಹನ್ನೆರಡು ದಿನಕ್ಕೆ ಮತ್ತೆ ಬಿಸಿ. ಇನ್ನೊಬ್ಬ ಬಂದ. ಅವನೂ ಮೀಟರು ಹಚ್ಚಿದ, ಅವನೂ ತುಟಿ ಉಬ್ಬಿಸಿದ, “ಮೊದ್ಲು ಬಂದಾವ ಕಡಿಮಿ ತುಂಬ್ಯಾನ” ಎಂದು ಮತ್ತೆ ತುಂಬಿದ. ಒಂಬತ್ತು ದಿನ ನಡೆಯಿತು. ಮೂರನೆಯವನು ಬಂದು ಮೊದಲಿಬ್ಬರಿಗೂ ಕೆಲಸ ಗೊತ್ತಿಲ್ಲ ಎಂದು ಹೇಳಿ, ಅವರು ಮಾಡಿದ್ದನ್ನೇ ಮಾಡಿ ಹೋದ. ಅದು ಐದೇ ದಿನಕ್ಕೆ ನಿಂತಿತು.

ಅಷ್ಟರಲ್ಲಿ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಎಸಿ ನಿಂತ ದಿನವೇ ನಾಗವೇಣಿಗೆ ಜ್ವರ ನೂರಾಮೂರು ಮುಟ್ಟಿತು. ಹುಲಿಗೆಮ್ಮ ಒದ್ದೆ ಚಾದರ ಹೊದಿಸಿದಳು. ಅದು ಬಿಸಿಯಾದಾಗ ಇನ್ನೊಂದು, ಅದೂ ಬಿಸಿಯಾದಾಗ ಮತ್ತೊಂದು. ಸಂಜೆಗೆ ಜ್ವರ ಇಳಿಯಿತು. ಆದರೆ ಡಾಕ್ಟರ ಮಾತು ಏರಿತು. “ಇನ್ನೊಮ್ಮೆ ಹಿಂಗಾದ್ರ ಮಿದುಳಿಗೆ ಹೊಡಿತೈತಿ. ಹಂಗ ಆಗಾಕ ಬಿಡಬ್ಯಾಡ.”

ಮರುದಿನ ಬೆಳಿಗ್ಗೆ ಅಂಗಡಿಗೆ ಒಬ್ಬ ಆಟೋದವನು ಬಂದ. ಆ ವಾರ ಬೇರೆ ಬೇರೆ ಕಡೆ ಮೂರು ಸಲ ಗಾಳಿ ಹೊಡೆಸಿದ್ದನಂತೆ. “ಒಂದೀಟು ಹೊಡಿ ಅಕ್ಕಾ, ಸಾಯಂಕಾಲತನ ನಡೀತೈತಿ” ಎಂದ.

ಹುಲಿಗೆಮ್ಮ ಮೊದಲೇ ಕುದಿಯುತ್ತಿದ್ದಳು. “ಮೂರು ಸಲ ಹೊಡಿಸೀಯಲ್ಲೋ, ಹೋದ ಗಾಳಿ ಎಲ್ಲಿಗೆ ಹೋತು ಅಂತ ಒಮ್ಮೆರ ಕೇಳಿಯೇನು? ತೂತು ಇಲ್ದ ಗಾಳಿ ಹೆಂಗ ಹೋಗತೈತಿ? ತಲಿಯಾಗ ಏನು…”

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಟ್ಯೂಬು ನೀರಿನಲ್ಲೇ ಉಳಿಯಿತು.

“ಏನಾತು ಅಕ್ಕಾ?”

“ಏನಿಲ್ಲ” ಎಂದಳು ಹುಲಿಗೆಮ್ಮ. “ನನಗ ನಾನಽ ಬೈಕೊಂಡೆ.”

ಆಟೋದ ಟ್ಯೂಬಿಗೆ ಪ್ಯಾಚು ಹಾಕಿ ಕಳಿಸಿ ವಿರೂಪಾಕ್ಷಿಗೆ ಫೋನು ಮಾಡಿದಳು. “ಅಣ್ಣಾ, ಮೂರು ಸಲ ತುಂಬಿದ ಗ್ಯಾಸು ಎಲ್ಲಿಗೆ ಹೋತು?”

“ಬಿಸಿಲು ನೋಡ್ರಿ ಅಕ್ಕಾರ, ಆರಿಹೋಗತೈತಿ.”

“ಮುಚ್ಚಿದ ಪೈಪಿನ್ಯಾಗಿಂದ ಆರತೈತೇನು?”

“ಇದು ಮಷೀನ್ ಅಕ್ಕಾರ, ಸೈಕಲ್ಲಲ್ಲ. ನಿಮಗ ತಿಳಿಯಂಗಿಲ್ಲ. ನಾಳೆ ಹತ್ತಕ್ಕ ಕಳಿಸ್ತೀನಿ.”

ಒಂದು ತಿಂಗಳ ಹಿಂದೆ ಈ ಮಾತಿಗೆ ಅವಳು ಸುಮ್ಮನಾಗಿಬಿಡುತ್ತಿದ್ದಳು. ಆಗಿಯೂ ಇದ್ದಳು. ದೊಡ್ಡ ಯಂತ್ರ, ಮೀಟರು, ಮೈಮೇಲೆ ಕರಡಿಯ ಚಿತ್ರದ ಅಂಗಿ ತೊಟ್ಟ ಜನ. ಅವರ ಮುಂದೆ ಪಂಚರ್ ಅಂಗಡಿಯವಳು ಏನು ಕೇಳುವುದು ಎಂದು ನಾಲಗೆ ಹಿಂದೆ ಸರಿದಿತ್ತು. ಇವತ್ತು ಸರಿಯಲಿಲ್ಲ. ಅವಳು ಅಂಗಡಿಗೆ ಬೀಗ ಹಾಕಿದಳು. ಮಗಳ ಫ್ರಾಕು ಒದ್ದೆ ಮಾಡಿ ತೊಡಿಸಿದಳು. ಒಂದು ಚಾಪೆ, ಬುತ್ತಿ, ಮಗಳ ಪುಸ್ತಕದ ಚೀಲ ತೆಗೆದುಕೊಂಡು ಸೀದಾ ಬಿಳಿ ಕರಡಿಯ ಅಂಗಡಿಗೆ ಹೋದಳು.

ಗಾಜಿನ ಬಾಗಿಲು ತೆರೆದರೆ ಒಳಗೆ ಮೈ ನಡುಗುವಷ್ಟು ತಂಪು. ಹುಲಿಗೆಮ್ಮ ಮೂಲೆಯಲ್ಲಿ ಚಾಪೆ ಹಾಸಿದಳು.

ವಿರೂಪಾಕ್ಷಿ ಮೇಜಿನ ಹಿಂದಿನಿಂದ ಎದ್ದ. “ಏನ್ ಅಕ್ಕಾರ, ಇದು?”

“ಮನ್ಯಾಗಿನ ಮಷೀನ್ ನೆಟ್ಟಗಾಗೋತನ ಹುಡುಗಿ ಇಲ್ಲೇ ಇರತೈತಿ ಅಣ್ಣಾ. ಇದಕ್ಕ ಬೆವರು ಬರಂಗಿಲ್ಲ, ಡಾಕ್ಟರು ತಣ್ಣಗ ಇಡು ಅಂದಾರ. ಊರಾಗ ಇಷ್ಟು ತಣ್ಣಗಿನ ಜಾಗ ಇನ್ನೊಂದಿಲ್ಲ.”

“ಇದು ಆಫೀಸು ಅಕ್ಕಾರ.”

“ನೀ ನಿನ್ನ ಕೆಲಸ ಮಾಡು. ನಾವೇನು ಮಾತಾಡ್ಸಂಗಿಲ್ಲ.”

ನಿಜಕ್ಕೂ ಮಾತಾಡಿಸಲಿಲ್ಲ. ಹುಡುಗಿ ಹೊಟ್ಟೆಯ ಮೇಲೆ ಮಲಗಿ ಗಣಿತ ಮಾಡಿದಳು. ತಾಯಿ ಸೊಪ್ಪು ಸೋಸಿದಳು. ಬೈಯಲು ಬಂದವರನ್ನು ಸಂಭಾಳಿಸುವುದು ವಿರೂಪಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಸೊಪ್ಪು ಸೋಸುವವರನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಗಿರಾಕಿಯೊಬ್ಬರು ಬಂದರು, ನಿವೃತ್ತ ತಹಶೀಲ್ದಾರರು. ನೆಲದ ಮೇಲಿದ್ದ ಮಗುವನ್ನು ನೋಡಿ, “ಏನವ್ವಾ, ಇಲ್ಲಿ ಯಾಕ ಮಲಗೀದಿ?” ಎಂದು ಕೇಳಿದರು.

“ನಮ್ಮ ಮಷೀನ್ ಸೋರತೈತ್ರಿ” ಎಂದಳು ನಾಗವೇಣಿ. “ಎಲ್ಲಿ ಅಂತ ಅಣ್ಣಾರು ಇನ್ನಾ ನೋಡಿಲ್ರಿ. ಮೂರು ಸಲ ಗ್ಯಾಸು ತುಂಬ್ಯಾರ.”

ತಹಶೀಲ್ದಾರರು ನಿಧಾನವಾಗಿ ವಿರೂಪಾಕ್ಷಿಯ ಕಡೆ ತಿರುಗಿದರು. “ನಮ್ಮನ್ಯಾಗ ಎರಡು ಸಲ ಆತಲ್ಲೋ. ಅದೂ ಆರಿಹೋತು ಅಂದಿದ್ದಿ.”

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಜನ ಬಂದರು. ನಾಲ್ವರೂ ಮಗುವನ್ನು ಮಾತಾಡಿಸಿದರು. ಮಗು ಪ್ರತಿಯೊಬ್ಬರಿಗೂ ಒಂದೇ ಉತ್ತರವನ್ನು ಅಷ್ಟೇ ಮರ್ಯಾದೆಯಿಂದ ಕೊಟ್ಟಿತು. ಮೂರು ಗಂಟೆಗೆ ವಿರೂಪಾಕ್ಷಿ ಚಾಪೆಯ ಹತ್ತಿರ ಬಂದು ಕುಕ್ಕುರುಗಾಲಿನಲ್ಲಿ ಕುಳಿತ. ಅವನ ದನಿ ಇಳಿದಿತ್ತು.

“ಖರೇ ಹೇಳ್ತೀನಿ ಅಕ್ಕಾರ. ತೂತು ಹುಡುಕಾಕ ಅರ್ಧ ದಿನ ಬೇಕು. ಗ್ಯಾಸು ತುಂಬಾಕ ಅರ್ಧ ತಾಸು. ಸೀಸನ್ನಾಗ ದಿನಕ್ಕ ನಲವತ್ತು ಫೋನು ಬರ್ತಾವ. ಎಲ್ಲಾರೂ ಲಗೂ ತಣ್ಣಗ ಮಾಡು ಅಂತಾರ. ತೂತು ಎಲ್ಲೈತಿ ಅಂತ ಇಲ್ಲೀತನ ಯಾರೂ ಕೇಳಿಲ್ಲ.”

“ನಾನೂ ಕೇಳಿಲ್ಲ” ಎಂದಳು ಹುಲಿಗೆಮ್ಮ. “ಅದು ನನ್ನ ತಪ್ಪು. ಕೇಳ್ಬೇಕು ಅಂತ ಗೊತ್ತಿದ್ದಾಕಿ ನಾನು. ಈಗ ಕೇಳಾಕತ್ತೀನಿ. ಎದ್ದೇಳು.”

ಅವನು ಎದ್ದ. ಹುಡುಗರನ್ನು ಕಳಿಸಲಿಲ್ಲ. ನೈಟ್ರೋಜನ್ ಸಿಲಿಂಡರನ್ನು ತಾನೇ ಗಾಡಿಗೆ ಹೇರಿದ. ತಾನೇ ಹುಲಿಗೆಮ್ಮನ ಮನೆಗೆ ಬಂದ.

ಟ್ಯೂಬಿಗೆ ಗಾಳಿ ತುಂಬುವ ಹಾಗೆ ಪೈಪಿನೊಳಗೆ ನೈಟ್ರೋಜನ್ ತುಂಬಿ, ಸೋಪಿನ ನೊರೆ ಮಾಡಿ, ಹೊರಗಿನ ಡಬ್ಬದ ಪ್ರತಿ ನಟ್ಟಿಗೂ ಬ್ರಶ್ಶಿನಿಂದ ಹಚ್ಚಿದ. ಗುಳ್ಳೆ ಏಳಲಿಲ್ಲ. ಬಿಸಿಲು ಅವನ ಬೆನ್ನ ಮೇಲೆ ಕುಳಿತಿತ್ತು. ಹಣೆಯಿಂದ ಬೆವರು ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಬಾಗಿಲ ನೆರಳಿನಲ್ಲಿ ಒದ್ದೆ ಟವೆಲು ಹೊದ್ದು ನಿಂತಿದ್ದ ನಾಗವೇಣಿ ಅದನ್ನೇ ನೋಡುತ್ತಿದ್ದಳು.

“ಅಣ್ಣಾರ, ಬೆವರು ಬಂದ್ರ ತಣ್ಣಗ ಆಗತೈತೇನ್ರಿ?”

ಬ್ರಶ್ಶು ನಿಂತಿತು. ಆ ಮನೆಯ ಖೋಲಿ ಯಾಕೆ ತಣ್ಣಗಿರಬೇಕೆಂದು ಅವನಿಗೆ ಬೆಳಿಗ್ಗೆಯೇ ಹೇಳಿದ್ದರು. ಆದರೆ ಅವನು ಕೇಳಿಸಿಕೊಂಡದ್ದು ಈಗ. ಗದ್ದದ ಬೆವರು ಒರೆಸಿಕೊಂಡ.

“ಆಗತೈತವ್ವಾ” ಎಂದ. “ಗಾಳಿ ಬಂದ್ರ ಸ್ವಲ್ಪ ಆಗತೈತಿ. ನೀ ಒಳಗ ಹೋಗು, ಇಲ್ಲಿ ನಿಂದ್ರಬ್ಯಾಡ.”

ಒಳಗಿನ ಭಾಗವನ್ನೂ ನೋಡಿದ. ಅಲ್ಲೂ ಗುಳ್ಳೆಯಿಲ್ಲ. “ಎಲ್ಲಾ ಕಡೆ ಹಚ್ಚಿ ನೋಡಿದೆ ಅಕ್ಕಾರ.”

“ಟೇಪಿನ ಒಳಗ ನೋಡಿಲ್ಲ” ಎಂದಳು ಹುಲಿಗೆಮ್ಮ.

ಒಳಗಿನ ಡಬ್ಬದ ಹಿಂದೆ, ಗೋಡೆ ತೂರಿ ಬಂದ ಪೈಪು ಕೂಡುವ ಜಾಗಕ್ಕೆ ಕರಿ ಸ್ಪಂಜು ಸುತ್ತಿ ಮೇಲೆ ಟೇಪು ಬಿಗಿದಿದ್ದರು. ಎಸಿ ಕೂರಿಸಿದ ದಿನ ಸುತ್ತಿದ್ದು. ಆಮೇಲೆ ಬಂದ ಮೂವರಲ್ಲಿ ಒಬ್ಬನೂ ಬಿಚ್ಚಿರಲಿಲ್ಲ.

“ಅದು ಪ್ಯಾಕಿಂಗ್ ಅಕ್ಕಾರ, ಅದರಾಗ ಏನೂ ಆಗಿರಂಗಿಲ್ಲ.”

“ಟ್ಯೂಬಿನ್ಯಾಗ ವಾಲ್ವಿನ ಬುಡನೂ ಹಿಂಗ ಕಾಣತೈತಿ, ಏನೂ ಆಗಿಲ್ಲ ಅನ್ನೋವಂಗ. ಬಿಚ್ಚು.”

ಬಿಚ್ಚಿದ. ನೊರೆ ಹಚ್ಚಿದ. ಮೂವರೂ ಬಗ್ಗಿ ನೋಡಿದರು. ಮೊದಲು ಏನೂ ಇಲ್ಲ. ಆಮೇಲೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಉಬ್ಬಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

“ಮುಟ್ಟು ಅಣ್ಣಾ” ಎಂದಳು ಹುಲಿಗೆಮ್ಮ.

ವಿರೂಪಾಕ್ಷಿ ಬೆರಳಿಟ್ಟು ಮುಟ್ಟಿದ. ನಟ್ಟು ಬಿಚ್ಚಿ ನೋಡಿದರೆ ತಾಮ್ರದ ಪೈಪಿನ ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಆ ತುದಿಯನ್ನು ಕತ್ತರಿಸಿ, ಹೊಸದಾಗಿ ಅಗಲಿಸಿ, ಮತ್ತೆ ಬಿಗಿದ. ಅವನ ಕೈ ನುರಿತ ಕೈ. ಕೆಲಸ ಬಾರದೆ ಅಲ್ಲ, ಮಾಡದೆ ಇದ್ದವನು ಅವನು.

ಮತ್ತೆ ನೈಟ್ರೋಜನ್ ತುಂಬಿ ನೊರೆ ಹಚ್ಚಿದ. ಈ ಸಲ ಗುಳ್ಳೆಯಿಲ್ಲ. “ಆತು ಅಕ್ಕಾರ, ಈ ನೈಟ್ರೋಜನ್ ಹೊರಗ ಬಿಟ್ಟು ಗ್ಯಾಸು ತುಂಬ್ಲೇನು?”

“ಒಂದು ತಾಸು ತಡಿ. ಮೀಟರಿನ ಮುಳ್ಳು ಇಳಿತೈತೋ ಇಲ್ಲೋ ನೋಡೂಣು.”

“ಒಂದು ತಾಸು?”

“ಮೂರು ಸಲ ಅರ್ಧರ್ಧ ತಾಸು ಕಳದೀದಿ. ಇದು ನಾಕನೇದು ಅನ್ಕೋ, ಇನ್ನ ಅರ್ಧ ತಾಸು ಹೆಚ್ಚಿಗಿ.”

ಮಗುವಿಗೆ ಹೊಸ ಒದ್ದೆ ಟವೆಲು ಬಂತು. ವಿರೂಪಾಕ್ಷಿಗೆ ಚಹಾ ಬಂತು. ಅವನ ಫೋನು ಹನ್ನೊಂದು ಸಲ ಹೊಡೆದುಕೊಂಡಿತು. ಒಂದು ಸಲ ಎತ್ತಿ, “ಇವತ್ತು ಆಗಂಗಿಲ್ಲ, ನಾಳೆನೂ ಬರ್ತೀನಿ ಅಂತ ಹೇಳಂಗಿಲ್ಲ, ಶುಕ್ರವಾರ ಬರ್ತೀನಿ” ಎಂದ. ಆ ಕಡೆಯವರು ಗಾಬರಿಯಾಗಿರಬೇಕು. ಅವನು ಇಷ್ಟು ಸ್ಪಷ್ಟವಾಗಿ ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಒಂದು ತಾಸು ಮೂವರೂ ಮೀಟರಿನ ಮುಂದೆ ಕುಳಿತರು. ಮುಳ್ಳು ಇದ್ದಲ್ಲೇ ಇತ್ತು.

ಆಮೇಲೆ ಗ್ಯಾಸು ತುಂಬಿದ. ಮೇ ಪೂರ್ತಿ ಖೋಲಿ ತಣ್ಣಗಿತ್ತು, ಜೂನಿನಲ್ಲೂ ತಣ್ಣಗಿತ್ತು. ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳೆಲ್ಲ ಮಧ್ಯಾಹ್ನ ಅದೇ ಖೋಲಿಯಲ್ಲಿ ಚೌಕಾಬಾರ ಆಡಿದರು. ನಾಗವೇಣಿ ಎಲ್ಲರನ್ನೂ ಸೋಲಿಸಿದಳು.

ನೀತಿ: ಸೋರುವುದಕ್ಕೆ ಮತ್ತೆ ಮತ್ತೆ ತುಂಬುವವನು ರಿಪೇರಿ ಮಾಡುತ್ತಿಲ್ಲ, ದಿನ ದೂಡುತ್ತಿದ್ದಾನೆ, ತುಂಬಿಸಿಕೊಳ್ಳುವವರೂ ಅದರಲ್ಲಿ ಪಾಲುದಾರರು. ನಮ್ಮ ಕಸುಬಿನಲ್ಲಿ ನಾವು ದಿನವೂ ಕೇಳುವ ಪ್ರಶ್ನೆಯನ್ನು ಇನ್ನೊಬ್ಬರ ಯಂತ್ರದ ಮುಂದೆ ನುಂಗಿಕೊಳ್ಳಬಾರದು. ಕೇಳಬೇಕು. ಉತ್ತರ ಬಾರದಿದ್ದರೆ ಕೂಗಾಡಬೇಕಿಲ್ಲ, ಉತ್ತರ ಬರುವವರೆಗೆ ಎದ್ದು ಹೋಗದಿದ್ದರೆ ಸಾಕು.