ಅಜ್ಜನ ಇಲಿಯ ಬಾಲ

ನದಿಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಸಣ್ಣದು ಎಂದರೆ ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಮಠದ ಗುರುಗಳನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಆ ಕಡೆ ಗುರುಗಳನ್ನು ಹಾಗೆ ಕರೆಯುವುದೇ ರೂಢಿ.

ಅಜ್ಜನಿಗೆ ಗಂಟಲಿನ ಬೇನೆ ಬಂದು ಹೋಗಿತ್ತು. ಹೋಗುವಾಗ ಅದು ದನಿಯನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಪಿಸುಮಾತು ಮಾತ್ರ. ಪಕ್ಕದಲ್ಲಿ ಕುಳಿತವರಿಗೆ ಅದು ಕೇಳುತ್ತಿತ್ತು, ಎದುರಿಗೆ ಕುಳಿತವರಿಗೆ ಕೇಳುತ್ತಿರಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದವನು ಶಿಷ್ಯ ಮುರಿಗೆಪ್ಪ. ಮಠ ಸೇರುವ ಮೊದಲು ಪೇಟೆಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದವನು. ಅಜ್ಜ ಪಿಸುಗುಟ್ಟಿದ್ದನ್ನು ಬಂದವರಿಗೆ ಗಟ್ಟಿಯಾಗಿ ಹೇಳುವುದು ಈಗ ಅವನ ಕೆಲಸ.

ಜನ ಅವನ ಎದುರಿಗೆ ‘ಅಜ್ಜಾರ ಬಾಯಿ’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಅಜ್ಜಾರ ಬಾಲ’ ಎನ್ನುತ್ತಿದ್ದರು. ಮೊದಲನೆಯ ಹೆಸರು ಅವನಿಗೆ ಬಹಳ ಇಷ್ಟ. ಎರಡನೆಯದು ಕಿವಿಗೆ ಬಿದ್ದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಯಾವ ಕಾಲದಲ್ಲೋ ಒಬ್ಬ ಭಕ್ತ ಕೊಟ್ಟದ್ದು, ಬಹಳ ಹಳೆಯದು. ಅದರ ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಪೆನ್ನು ಹಿಡಿದರೆ ಅಜ್ಜನ ಬೆರಳು ನಡುಗುತ್ತಿದ್ದವು. ಮೌಸಿನ ಮೇಲೆ ಅಂಗೈ ಪೂರ್ತಿ ಊರಿದರೆ ನಡುಗುತ್ತಿರಲಿಲ್ಲ. ಆದ್ದರಿಂದ ಹಿಂದೆ ಅವರು ಮೌಸ್ ಎಳೆದು, ಪರದೆಯ ಮೇಲೆ ದೊಡ್ಡ ದೊಡ್ಡ ಅಕ್ಷರ ಬರೆದು, ಊರಿನ ಹೆಂಗಸರಿಗೆ ಓದು ಕಲಿಸಿದ್ದರು. ಆ ಮೌಸನ್ನು ಅವರು ಇಲಿ ಎಂದೇ ಕರೆಯುತ್ತಿದ್ದರು.

ಇಲಿ ಕೆಟ್ಟಾಗ ಅಜ್ಜನಿಗೆ ಇನ್ನೂ ದನಿ ಇತ್ತು. ಹಾಗಾಗಿ ಅದರ ಚಿಂತೆ ಯಾರಿಗೂ ಬರಲಿಲ್ಲ.

ನಾಗರ ಪಂಚಮಿ ಹತ್ತಿರವಾಗಿತ್ತು. ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದು ಆ ಕಡೆಯ ಪದ್ಧತಿ. ನಿಂಗವ್ವ ಎಂಬ ಹೆಂಗಸಿನ ಅಣ್ಣ ಒಂದು ಜಗಳದ ನಂತರ ಬರುವುದನ್ನು ಬಿಟ್ಟಿದ್ದ.

ನಿಂಗವ್ವ ಮಠಕ್ಕೆ ಬಂದು ಕೂತಳು.

“ಅಣ್ಣ ಈ ಸಲಾನೂ ತಾ ಬಂದಿಲ್ರಿ ಅಜ್ಜಾರ. ಬ್ಯಾರೇದವರ ಕೈಯಾಗ ಹೇಳಿಕಳಿಸ್ಯಾನ. ಹೋಗ್ಲೋ ಬ್ಯಾಡೋ?”

ಅಜ್ಜ ಪಿಸುಗುಟ್ಟಿದರು. “ಹೋಗಿ ಬಾ.”

ಮುರಿಗೆಪ್ಪನಿಗೆ ಅದು ಕಡಿಮೆಯಾಯಿತು ಎನ್ನಿಸಿತು. ಬಿಸಿಲಿನಲ್ಲಿ ನಡೆದು ಬಂದವಳಿಗೆ ಬರೀ ಎರಡು ಮಾತೇ? ಅವನು ಗಂಟಲು ಸರಿಮಾಡಿಕೊಂಡ.

“ನಿಂಗಕ್ಕಾ, ಅಜ್ಜಾರು ಹೋಗು ಅಂತಾರ. ಹಂಗಂತ ಸುಮ್ಮನ ಹೋಗೂದಲ್ಲ. ಮದಲ ಹೊಸ್ತಲದಾಗ ನಿಂತು ‘ತಪ್ಪಾತು ಅಣ್ಣಾ’ ಅನಬೇಕು. ಬಾಗಿದವರು ಸಣ್ಣವರಾಗೂದಿಲ್ಲ. ಅಹಂಕಾರ ಅನ್ನೂದು ನೋಡು...”

ಅಹಂಕಾರದ ಮಾತು ಸಾಕಷ್ಟು ಹೊತ್ತು ನಡೆಯಿತು. ನಡುವೆ ಅಜ್ಜ ಕೈ ಎತ್ತಿ ಬೇಡ ಎಂಬಂತೆ ಆಡಿಸಿದರು. ಮುರಿಗೆಪ್ಪ ಅದನ್ನು ಆಶೀರ್ವಾದ ಎಂದುಕೊಂಡ.

“ನೋಡು, ಆಶೀರ್ವಾದಾನೂ ಮಾಡಿದ್ರು. ಅಡ್ಡಬೀಳು.”

ನಿಂಗವ್ವ ಅಡ್ಡಬಿದ್ದು ಎದ್ದು ಹೋದಳು. ಬಂದಾಗ ಇದ್ದಷ್ಟು ಬೆಳಕೂ ಅವಳ ಮುಖದಲ್ಲಿ ಇರಲಿಲ್ಲ.

ಅಜ್ಜ ಮೂಲೆಯ ಕಂಪ್ಯೂಟರಿನ ಕಡೆ ನೋಡಿದರು. ಆಮೇಲೆ ಕೇಳಿದರು.

“ಮುರಿಗಿ, ಸತ್ತ ಇಲಿ ಎಬ್ಬಸ್ತೀಯೇನು?”

“ಈಗ ಅದ್ಯಾಕ್ರಿ ಅಜ್ಜಾರ? ನಾ ಅದೀನಲ್ಲ.”

“ನೀ ಅದಿ. ಅದಕ್ಕ.”

ಮುರಿಗೆಪ್ಪನಿಗೆ ಅರ್ಥವಾಗಲಿಲ್ಲ. ಆದರೆ ರಿಪೇರಿ ಎಂದರೆ ಅವನಿಗೆ ಖುಷಿ. ಇಲಿಯನ್ನು ಬಿಚ್ಚಿ ನೋಡಿದ. ಒಳಗಿನ ಬೆಳಕಿನ ಕಣ್ಣುಗಳು ಸುಟ್ಟುಹೋಗಿದ್ದವು. ಬಾಲ, ಅಂದರೆ ಅದರ ಉದ್ದನೆಯ ತಂತಿ, ಮಾತ್ರ ಚೆನ್ನಾಗಿತ್ತು.

ಪೇಟೆಯ ಅಂಗಡಿಯವನು ಬೆನ್ನ ಹಿಂದಿನ ಹೆಸರನ್ನು ಎದುರಿಗೇ ಅನ್ನುವವನು. ಕಂಪ್ಯೂಟರಿನ ವಯಸ್ಸು ಕೇಳಿ ನಕ್ಕ.

“ಅದಕ್ಕ ಹೊಂದೂ ಮೌಸ್ ಎಲ್ಲೆ ಸಿಗತೈತೋ ಬಾಲಪ್ಪಾ? ಮ್ಯೂಸಿಯಮ್ಮಿಗೆ ಹೋಗು.”

ಹಾಗೆ ಹೇಳುತ್ತಲೇ ಕಪಾಟಿನ ಹಿಂದಿನಿಂದ ಧೂಳು ಹಿಡಿದ ಒಂದು ಮೌಸನ್ನು ತೆಗೆದುಕೊಟ್ಟ. ಹೊಟ್ಟೆಯಲ್ಲಿ ರಬ್ಬರಿನ ಚೆಂಡು ಇದ್ದಂಥದ್ದು. ಅದೂ ಹಳೆಯದೇ, ಆದರೆ ಮಠದ ಕಂಪ್ಯೂಟರಿಗೆ ಹೋಲಿಸಿದರೆ ಮೊಮ್ಮಗ.

ಮೊಮ್ಮಗನ ಪ್ಲಗ್ಗು ಅಜ್ಜನ ಕಂಪ್ಯೂಟರಿನ ತೂತುಗಳಿಗೆ ಕೂರಲಿಲ್ಲ. ಮುರಿಗೆಪ್ಪ ಹಳೆಯ ಇಲಿಯ ಬಾಲ ಕತ್ತರಿಸಿ ಹೊಸದಕ್ಕೆ ಬೆಸುಗೆ ಹಾಕಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ಕಂಪ್ಯೂಟರ್ ಹಚ್ಚಿದರು. ಪರದೆಯ ಮೇಲಿನ ಬಾಣದ ಗುರುತು ಒಂದು ಮೂಲೆಗೆ ಓಡಿ, ಅಲ್ಲೇ ನಡುಗುತ್ತ ನಿಂತಿತು.

“ಬೆಕ್ಕು ನೋಡೇತೇನು?” ಎಂದರು ಅಜ್ಜ.

“ತಡೀರಿ ಅಜ್ಜಾರ, ನಗಬ್ಯಾಡ್ರಿ.”

ಮುರಿಗೆಪ್ಪ ಪೂರ್ತಿ ಒಂದು ದಿನ ಅದರ ಮುಂದೆ ಕೂತ. ತಂತಿ ಬದಲಿಸಿದ, ಮತ್ತೆ ಬದಲಿಸಿದ. ಸಂಜೆ ಬಂದು ಅಜ್ಜನ ಕಾಲ ಬಳಿ ಕೂತ.

“ರೋಗ ಸಿಕ್ತರಿ. ಔಷಧ ಸಿಗವಲ್ದು.”

“ಹೇಳು.”

“ಚೆಂಡು ಉಳ್ಳಿದ್ರ ಒಳಗ ಎರಡು ಹಲ್ಲಿನ ಗಾಲಿ ತಿರಗತಾವ್ರಿ. ಗಾಲಿ ಹಲ್ಲಿನ ಸಂದ್ಯಾಗ ಬೆಳಕು ಬಡೀತೈತಿ, ನಾವು ಕಣ್ಣು ಮಿಟುಕಿಸಿದಂಗ. ಹಳೇ ಇಲಿ ಆ ಮಿಟುಕು ಹೆಂಗ ಐತೋ ಹಂಗ ಕಳಸ್ತಿತ್ತು. ಹೊಸದರಾಗ ಒಂದು ಚಿಪ್ ಕುಂತೈತಿ. ಮಿಟುಕು ತಾನ ಎಣಸತೈತಿ, ತನ್ನ ಭಾಷಾದಾಗ ‘ಇಷ್ಟು ಸರದೇತಿ’ ಅಂತ ವರದಿ ಕೊಡತೈತಿ.”

“ಕಂಪ್ಯೂಟರ್ ಏನ ಕೇಳತೈತಿ?”

“ಬರೀ ಮಿಟುಕು ಕೇಳತೈತ್ರಿ.”

“ಮತ್ತ ಆ ಚಿಪ್ ಯಾಕ ಮಾತಾಡತೈತಿ?”

“ಭಾಳ ಶ್ಯಾಣ್ಯಾ ಐತ್ರಿ ಅಜ್ಜಾರ, ಅದಕ್ಕ.”

ಅಜ್ಜ ಅವನ ಮುಖವನ್ನೇ ನೋಡಿದರು. ಅವರ ಹೊಟ್ಟೆ ಕುಣಿಯಿತು. ದನಿಯಿಲ್ಲದ ನಗು ಅದು.

ಮುರಿಗೆಪ್ಪ ಹೇಳುತ್ತಲೇ ಇದ್ದ. “ಇನ್ನೊಂದು ಚಿಪ್ ತಂದು ನಡುವ ಹಾಕ್ತೀನ್ರಿ. ಈ ಚಿಪ್ ಹೇಳಿದ್ದನ್ನ ಅದು ಬಿಡಿಸಿ ಹೇಳಲಿ.”

“ಅದು ಬಿಡಿಸಿ ಹೇಳಿದ್ದನ್ನ ಬಿಡಿಸಿ ಹೇಳಾಕ ಮತ್ತೊಂದೇನು?”

ಮುರಿಗೆಪ್ಪ ಇಲಿಯನ್ನು ಎತ್ತಿಕೊಂಡು ಎದ್ದುಹೋದ.

ಮರುದಿನ ನಿಂಗವ್ವ ಒಂದು ತಂಬಿಗೆ ಮಜ್ಜಿಗೆ ತಂದಳು. ಅಡಿಗೆಮನೆಯ ಬಾಗಿಲಲ್ಲಿ ಅದನ್ನು ಮುರಿಗೆಪ್ಪನ ಕೈಗೆ ಕೊಟ್ಟಳು.

“ತವರಮನಿಗೆ ತಯಾರಿ ಆತೇನಕ್ಕಾ?”

“ಇಲ್ಲೋ ತಮ್ಮಾ. ಹೋಗೂದಿಲ್ಲ.”

“ಅಜ್ಜಾರು ಹೇಳ್ಯಾರಲ್ಲ?”

“ಅವರು ಹೇಳಿದ್ದು ಖರೇನ ಇರಬೇಕು. ಆದ್ರ ತಪ್ಪು ನಂದಲ್ಲೋ. ಮಾಡಲಾರದ ತಪ್ಪಿಗೆ ಹೊಸ್ತಲದಾಗ ನಿಂತು ‘ತಪ್ಪಾತು’ ಅನ್ನಾಕ ನನಗ ಬಾಯಿ ಬರವಲ್ದು. ಅಣ್ಣನ ಮಾರಿ ನೋಡೂ ಆಸೆ ಭಾಳ ಇತ್ತು. ಇರ್ಲಿ ಬಿಡು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.

ಮುರಿಗೆಪ್ಪ ಮಜ್ಜಿಗೆಯನ್ನೂ ಉಪ್ಪಿನ ಡಬ್ಬಿಯನ್ನೂ ಅಜ್ಜನ ಬಳಿಗೆ ತಂದ. ಅವನ ಮನಸ್ಸು ಅಲ್ಲಿರಲಿಲ್ಲ. ಆದರೂ ಕೈ ದಿನದಂತೆ ಉಪ್ಪಿನ ಡಬ್ಬಿಗೆ ಹೋಯಿತು. ಯಾರು ಮಜ್ಜಿಗೆ ಕೊಟ್ಟರೂ ಅದಕ್ಕೆ ಉಪ್ಪು, ಇಂಗು, ಜಜ್ಜಿದ ಶುಂಠಿ ಹಾಕಿಯೇ ಅವನು ಅಜ್ಜನಿಗೆ ಕೊಡುತ್ತಿದ್ದ. ಪ್ರೀತಿಯಿಂದಲೇ ಹಾಕುತ್ತಿದ್ದ, ಅದರಲ್ಲಿ ಸಂಶಯವಿಲ್ಲ.

ಅಜ್ಜ ಅವನ ಮಣಿಕಟ್ಟು ಹಿಡಿದರು. ತಂಬಿಗೆ ಇಸಿದುಕೊಂಡು ಹಾಗೆಯೇ ಎತ್ತಿ ಕುಡಿದರು.

“ಸಪ್ಪ ಇರತೈತ್ರಿ ಅಜ್ಜಾರ.”

ಅಜ್ಜ ಮೀಸೆ ಒರೆಸಿಕೊಂಡರು.

“ಇಷ್ಟು ದಿನಾ ನಿನ್ನ ಮಜ್ಜಿಗಿ ಕುಡದೆ. ಇವತ್ತು ನಿಂಗವ್ವನ ಮಜ್ಜಿಗಿ ಕುಡದೆ.”

ಮುರಿಗೆಪ್ಪ ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದ. ಬೇವಿನ ಮರದ ಕೆಳಗೆ ಹೋಗಿ ಕೂತ. ಬಹಳ ಹೊತ್ತಿನ ಮೇಲೆ ಇಲಿಯನ್ನು ಮತ್ತೆ ಬಿಚ್ಚಿ, ಸಣ್ಣ ಚಿಮಟದಿಂದ ಚಿಪ್ಪನ್ನು ಕಿತ್ತು ತೆಗೆದ. ಗಾಲಿಗಳ ಪಕ್ಕದ ಬೆಳಕಿನ ಕಣ್ಣುಗಳಿಂದ ನೇರವಾಗಿ ಹಳೆಯ ಬಾಲಕ್ಕೆ ತಂತಿ ಎಳೆದ. ನಡುವೆ ಏನೂ ಉಳಿಯಲಿಲ್ಲ.

ಕೊನೆಯ ಬೆಸುಗೆ ಹಾಕುವ ಮುಂಚೆ ಅವನ ಕೈ ನಿಂತಿತು. ಚಿಪ್ ಅವನ ಅಂಗೈಯಲ್ಲಿತ್ತು, ಸತ್ತ ಜೀರುಂಡೆಯ ಹಾಗೆ ಕಾಲು ಚಾಚಿಕೊಂಡು. ಈ ಇಲಿ ಎದ್ದರೆ ಅಜ್ಜ ತಮ್ಮ ಮಾತನ್ನು ತಾವೇ ಬರೆದು ತೋರಿಸುತ್ತಾರೆ. ಆಮೇಲೆ ಪಕ್ಕದಲ್ಲಿ ಕೂರಲು ಇನ್ನೊಬ್ಬ ಯಾಕೆ ಬೇಕು? ಇಲಿ ಏಳಲಿಲ್ಲ ಎಂದು ಹೇಳಿದರೂ ಮುಗಿಯಿತು, ಯಾರೂ ಒಳಗೆ ಇಣುಕಿ ನೋಡುವವರಿಲ್ಲ.

ಒಳಗೆ ಅಜ್ಜ ಕೆಮ್ಮಿದರು.

ಮುರಿಗೆಪ್ಪ ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಕೊನೆಯ ಬೆಸುಗೆ ಹಾಕಿದ.

ಬಾಣದ ಗುರುತು ಅಜ್ಜನ ಅಂಗೈ ಹೋದಲ್ಲಿ ಹೋಯಿತು, ನಿಂತಲ್ಲಿ ನಿಂತಿತು. ಅಜ್ಜ ನಿಧಾನವಾಗಿ ಒಂದು ‘ಅ’ ಬರೆದರು. ಬರೆದು, ಶಿಷ್ಯನ ತಲೆ ಸವರಿದರು. ಶಿಷ್ಯನ ಕಣ್ಣು ತುಂಬಿತು.

“ನಿಂಗವ್ವನ್ನ ಕರಿ.”

ಮುರಿಗೆಪ್ಪ ತಾನೇ ಹೋಗಿ ಅವಳನ್ನು ಕರೆತಂದ. ದಾರಿಯಲ್ಲಿ ಹೇಳಿದ, “ಅಕ್ಕಾ, ಆ ಹೊಸ್ತಲದ ಮಾತು ನಂದು. ಅಜ್ಜಾರದ್ದಲ್ಲ.” ಅವಳ ನಡಿಗೆ ಚುರುಕಾಯಿತು.

ಅಜ್ಜ ಪರದೆಯ ಮೇಲೆ ಬರೆದರು. ನಿಂಗವ್ವ ಅದೇ ಪರದೆಯ ಮುಂದೆ ಅಕ್ಷರ ಕಲಿತವಳು. ಬೆರಳಿಟ್ಟು ಓದಿದಳು.

“ಹೋ... ಗಿ... ಬಾ.”

ಅವಳು ಮುರಿಗೆಪ್ಪನ ಕಡೆ ತಿರುಗಿದಳು.

“ಮತ್ತೇನರ ಐತೇನು?”

ಮುರಿಗೆಪ್ಪನ ಬಾಯಿ ತೆರೆಯಿತು. ಹೇಳಲು ಎಷ್ಟೋ ಇತ್ತು. ಅವನು ಜೇಬಿಗೆ ಕೈ ಹಾಕಿ ಚಿಪ್ಪನ್ನು ಮುಟ್ಟಿಕೊಂಡ.

“ಅಷ್ಟ ಅಕ್ಕಾ.”

ನಿಂಗವ್ವ ಇನ್ನೊಮ್ಮೆ ಓದಿದಳು. ಈ ಸಲ ಬೆರಳಿಡಲಿಲ್ಲ.

“ಹೋಗೂದೂ ಐತಿ, ಬರೂದೂ ಐತಿ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. “ಹಂಗಾದ್ರ ಹೋಗ್ತೀನ್ರಿ ಅಜ್ಜಾರ. ಪಂಚಮಿ ಉಂಡಿ ಕಟ್ಟೂದು ಐತಿ.”

ಅವಳು ಅಂಗಳ ದಾಟಿದ ಮೇಲೆ ಮುರಿಗೆಪ್ಪ ಎದ್ದ. ಅಜ್ಜನ ಪಕ್ಕದಲ್ಲಿದ್ದ ತನ್ನ ಚಾಪೆಯನ್ನು ಸುತ್ತಿದ. ಜನ ಕೂರುವ ಎದುರಿನ ಕಡೆಗೆ ಹೊರಟ.

ಅಜ್ಜ ಏನೋ ಪಿಸುಗುಟ್ಟಿದರು. ಅಷ್ಟು ದೂರಕ್ಕೆ ಕೇಳಲಿಲ್ಲ.

“ಏನಂದ್ರಿ?”

ಅಜ್ಜ ಮತ್ತೆ ಪಿಸುಗುಟ್ಟಿದರು. ಮತ್ತೆ ಕೇಳಲಿಲ್ಲ. ಮುರಿಗೆಪ್ಪ ವಾಪಸು ಬಂದು, ಪಕ್ಕದಲ್ಲಿ ಕೂತು, ಅವರ ಬಾಯಿಯ ಹತ್ತಿರ ಕಿವಿ ತಂದ.

“ಎಲ್ಲಿ ಹೊಂಟಿ?”

“ಇಲ್ಲಿ ನನ್ನ ಕೆಲಸ ಮುಗೀತಲ್ರಿ. ಎಲ್ಲಾರ ಜೋಡಿ ಎದುರಿಗೆ ಕೂಡ್ತೀನಿ.”

ಅಜ್ಜ ಮೇಜಿನ ಮೇಲಿನ ಇಲಿಯನ್ನು ಎತ್ತಿ ಹಿಡಿದರು. ಅದರಿಂದ ಹಳೆಯ ತಂತಿ ಉದ್ದಕ್ಕೆ ಇಳಿಬಿದ್ದು ಕಂಪ್ಯೂಟರಿನವರೆಗೆ ಹೋಗಿತ್ತು.

“ಚಿಪ್ ತಗದಿ, ಚಲೋ ಮಾಡಿದಿ. ಬಾಲ ತಗದೀಯೇನು?”