ಎದೆಮಟ್ಟದ ಟೈರುಗಳು

“ಎಲ್ಲರೂ ಬೇಕು ಎನ್ನುವುದನ್ನು ನಾನೊಬ್ಬನೇ ಬೇಡ ಎಂದರೆ ಅದು ವಿವೇಕವೋ, ಬರೀ ಹಠವೋ? ಇದನ್ನು ತಿಳಿಯುವುದು ಹೇಗೆ, ಗುರುಗಳೇ?” ಎಂದು ತೋಟಪ್ಪ ಕೇಳಿದ.

ಹಿರೇಬಯಲು ಎಂಬ ಊರಿನ ಶಾಲೆಯನ್ನು ಅವನು ನೋಡಿಕೊಳ್ಳಬೇಕೆಂದು ಮಠದ ಹಿರಿಯರು ಹೇಳಿದ್ದರು. ಅವನು ಮೂರು ಸಲ ಒಲ್ಲೆ ಎಂದಿದ್ದ. ಗುರುಗಳು ಆ ವಿಷಯ ಎತ್ತಲಿಲ್ಲ. ಈ ಕತೆ ಹೇಳಿದರು.

ಡಾಂಬರು ರಸ್ತೆ ಮುಗಿದ ಮೇಲೂ ನಾಲ್ಕು ದಿನದ ದಾರಿ ದೂರದಲ್ಲಿ ಉಪ್ಪು ತೆಗೆಯುವವರ ಒಂದು ಊರಿತ್ತು. ಆ ಊರಿಗೆ ಬಸ್ಸಿರಲಿಲ್ಲ, ಅಲ್ಲಿ ವೈದ್ಯರಿರಲಿಲ್ಲ. ತಿಂಗಳಿಗೊಮ್ಮೆ ಒಂದು ಲಾರಿ ಹೋಗುತ್ತಿತ್ತು. ಹೋಗುವಾಗ ಜೋಳ, ಎಣ್ಣೆ, ಔಷಧಿ ಒಯ್ಯುತ್ತಿತ್ತು. ಬರುವಾಗ ಉಪ್ಪಿನ ಮೂಟೆ ತರುತ್ತಿತ್ತು. ಆ ಮೂಟೆಗಳ ಮೇಲೆ ಕಾಯಿಲೆಯವರು, ದಿನ ತುಂಬಿದ ಬಸುರಿಯರು, ನಡೆಯಲಾರದ ಮುದುಕರು ಕೂತು ಬರುತ್ತಿದ್ದರು. ಲಾರಿ ಒಬ್ಬ ವ್ಯಾಪಾರಿಯದು. ಓಡಿಸುವವಳು ಒಬ್ಬ ಚಾಲಕಿ. ಹನ್ನೊಂದು ವರ್ಷದಿಂದ ಅವಳೇ ಓಡಿಸುತ್ತಿದ್ದಳು.

ಆ ದಾರಿಯಲ್ಲಿ ಕಷ್ಟದ ಜಾಗಗಳು ಎರಡು. ಒಂದು, ಬತ್ತಿದ ನದಿ. ಅದರ ಮರಳಿನಲ್ಲಿ ಚಕ್ರ ಹೂತುಹೋಗುತ್ತಿತ್ತು. ಇನ್ನೊಂದು, ಬರುವಾಗ ಸಿಗುವ ಇಳಿಜಾರು. ಅದರ ಬುಡದಲ್ಲಿ ಗಕ್ಕನೆ ಒಂದು ತಿರುವು. ತಿರುವಿನ ಆಚೆ ಕಣಿವೆ. ಮೇಲಿನಿಂದಲೇ ಒತ್ತುತ್ತ ಬಂದರೆ ಬ್ರೇಕ್ ಕಾದು ಹಿಡಿಯುತ್ತಿರಲಿಲ್ಲ, ಬುಡದ ಹತ್ತಿರ ಗೊತ್ತಾದ ಒಂದೇ ಜಾಗದಲ್ಲಿ ಒತ್ತಬೇಕಿತ್ತು.

ಒಂದು ಬೇಸಿಗೆಯಲ್ಲಿ ಲಾರಿ ನದಿಯ ಮರಳಿನಲ್ಲಿ ಸಿಕ್ಕಿಕೊಂಡಿತು. ಅಚ್ಚಿನ ತನಕ ಹೂತಿತು. ಚಾಲಕಿ ಮೂರು ದಿನ ಅಗೆದಳು. ಉಪ್ಪಿನ ಊರು ಮುಟ್ಟುವ ಹೊತ್ತಿಗೆ, ಅವಳು ತಂದ ಔಷಧಿಗಾಗಿ ಕಾಯುತ್ತಿದ್ದ ಒಬ್ಬ ಮುದುಕ ತೀರಿಕೊಂಡಿದ್ದ. ಅವಳು ಆ ಮನೆಯ ಬಾಗಿಲ ತನಕ ಹೋದಳು. ಒಳಗೆ ಹೋಗಲಿಲ್ಲ. ಔಷಧಿಯ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಬಂದಳು.

ಅವಳು ಮರಳಿ ಬರುವಷ್ಟರಲ್ಲಿ ವ್ಯಾಪಾರಿ ಹೊಸ ಟೈರುಗಳನ್ನು ತರಿಸಿಟ್ಟಿದ್ದ. ಚಕ್ರಕ್ಕೊಂದರಂತೆ ಆರು, ಮೇಲೊಂದು ಸ್ಟೆಪ್ನಿ. ನಿಲ್ಲಿಸಿದರೆ ಅವಳ ಎದೆಮಟ್ಟಕ್ಕೆ ಬರುತ್ತಿದ್ದವು. ಲಾರಿ ನಿಲ್ಲುವ ತಾಣದಲ್ಲಿ ಉಳಿದ ಚಾಲಕರೆಲ್ಲ ಅಂಥವನ್ನೇ ಹಾಕಿಸಿಕೊಂಡಿದ್ದರು. ಅವರು ಸುತ್ತ ನೆರೆದರು. ಕೆಲವರು ಟೈರನ್ನು ಕಾಲಿನಿಂದ ಒದ್ದು ನೋಡಿ ಮೆಚ್ಚಿದರು.

“ಇವನ್ನು ಹಾಕಿಸು. ಮರಳಿನ ಮೇಲೆ ದೋಣಿಯ ಹಾಗೆ ಹೋಗುತ್ತದೆ” ಎಂದ ವ್ಯಾಪಾರಿ.

ಚಾಲಕಿಗೆ ಅವು ಹಿಡಿಸಲಿಲ್ಲ. ಏಕೆಂದು ಕೇಳಿದ್ದರೆ ಅವಳಿಗೆ ಹೇಳಲೂ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಆ ಲಾರಿಯ ಸ್ಟೇರಿಂಗ್ ಹಿಡಿದ ಕೈ ಬೇಡ ಎನ್ನುತ್ತಿತ್ತು, ಅಷ್ಟೇ. ಆದರೆ ಹೊಸ್ತಿಲ ಮೇಲೆ ಬಿಟ್ಟು ಬಂದ ಪೊಟ್ಟಣ ಕಣ್ಣ ಮುಂದಿತ್ತು. ಕೈಯ ಮಾತೊಂದನ್ನೇ ನಂಬಿ ಇನ್ನೊಬ್ಬರ ಜೀವದ ಜೊತೆ ಆಡುವ ಧೈರ್ಯ ಅವಳಿಗಿರಲಿಲ್ಲ. ಅವಳು ಟೈರುಗಳನ್ನು ಹಾಕಿಸಿದಳು. ಲಾರಿಯ ತುಂಬ ಕಲ್ಲು ಹೇರಿಸಿದಳು. ಏಳು ದಿನ ಯಾರಿಗೂ ಸಿಗಲಿಲ್ಲ.

ಮೊದಲ ದಿನ ಮರಳಿನಲ್ಲಿ ಓಡಿಸಿದಳು. ವ್ಯಾಪಾರಿಯ ಮಾತು ನಿಜವಾಗಿತ್ತು. ಲಾರಿ ಎಲ್ಲಿಯೂ ಹೂಳಲಿಲ್ಲ. ಅವಳ ಕೈ ಹೇಳಿದ್ದು ತಪ್ಪೇನೋ ಎಂದು ಅವಳಿಗೇ ಅನ್ನಿಸಿತು. ಎರಡನೆಯ ದಿನ ಏರಿಗೆ ಹತ್ತಿಸಿದಳು. ಎಂಜಿನ್ ಏದುಸಿರು ಬಿಟ್ಟಿತು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಉಳಿದ ದಿನಗಳೆಲ್ಲ ಅವಳು ಹತ್ತಿರದ, ಅಷ್ಟೇ ಕಡಿದಾದ, ಆದರೆ ಬುಡದಲ್ಲಿ ಬಯಲಿದ್ದ ಒಂದು ಇಳಿಜಾರಿನಲ್ಲೇ ಕಳೆದಳು. ಬ್ರೇಕ್ ಒತ್ತುವ ಜಾಗದಲ್ಲಿ ಸುಣ್ಣದ ಒಂದು ಗೆರೆ ಎಳೆದಳು. ಲಾರಿ ನಿಂತ ಜಾಗದಲ್ಲಿ ಇನ್ನೊಂದು ಗೆರೆ. ಹಳೆಯ ಟೈರು ಹಾಕಿ ಇಳಿದಳು. ಹೊಸದು ಹಾಕಿ ಇಳಿದಳು. ಮತ್ತೆ ಬಿಚ್ಚಿದಳು, ಮತ್ತೆ ಹಾಕಿದಳು. ಅಂಗೈಯ ಚರ್ಮ ಕಿತ್ತುಬಂತು. ಎಷ್ಟು ಸಲ ಮಾಡಿದರೂ ದೊಡ್ಡ ಟೈರಿನ ಲಾರಿ ಹಳೆಯ ಗೆರೆ ದಾಟಿ ಹನ್ನೆರಡು ಹೆಜ್ಜೆ ಮುಂದಕ್ಕೆ ಹೋಗಿಯೇ ನಿಲ್ಲುತ್ತಿತ್ತು. ಕಣಿವೆಯ ತಿರುವಿನಲ್ಲಿ ಹನ್ನೆರಡು ಹೆಜ್ಜೆ ನೆಲವಿರಲಿಲ್ಲ.

ಎಂಟನೆಯ ದಿನ ಅವಳು ತಾಣಕ್ಕೆ ಬಂದಳು. ಎಲ್ಲರ ಎದುರಿಗೆ ಜಾಕ್ ಕೊಟ್ಟು ದೊಡ್ಡ ಟೈರುಗಳನ್ನು ಒಂದೊಂದಾಗಿ ಬಿಚ್ಚಿ ನೆಲಕ್ಕೆ ಉರುಳಿಸಿದಳು.

ಚಾಲಕರು ನಕ್ಕರು. “ದೊಡ್ಡದನ್ನು ಆಳುವ ಗುಂಡಿಗೆ ಇಲ್ಲ” ಎಂದ ಒಬ್ಬ. ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು.

“ಒಬ್ಬ ಸತ್ತದ್ದು ಸಾಲದೇ ನಿನಗೆ? ಹಾಕು, ಇಲ್ಲವೇ ಕೀಲಿ ಕೊಡು” ಎಂದ.

ಆ ಮಾತು ಅವಳಿಗೆ ನಾಟಿತು. ಆದರೂ ಸ್ಪ್ಯಾನರ್ ಕೆಳಗಿಡಲಿಲ್ಲ.

“ಹಾಕುತ್ತೇನೆ, ಸಾಹುಕಾರರೇ. ಮೇಲೆ ಹೇರಿದ್ದು ಇನ್ನೂ ಇಳಿಸಿಲ್ಲ. ನೀವು ಆ ಕಲ್ಲಿನ ಮೇಲೆ ಹತ್ತಿ ಕೂರಿ. ಕಣಿವೆಯ ಇಳಿಜಾರಿಗೆ ಹೋಗೋಣ. ನಾನು ಯಾವಾಗಲೂ ಒತ್ತುವ ಜಾಗದಲ್ಲೇ ಬ್ರೇಕ್ ಒತ್ತುತ್ತೇನೆ. ಈ ಟೈರಿನಲ್ಲಿ ಲಾರಿ ಹನ್ನೆರಡು ಹೆಜ್ಜೆ ಹೆಚ್ಚು ಹೋಗಿಯೇ ನಿಲ್ಲುತ್ತದೆ.”

ವ್ಯಾಪಾರಿ ಲಾರಿಯನ್ನು ನೋಡಿದ, ಅವಳ ಮುಖ ನೋಡಿದ. ಅವಳು ಆಟಕ್ಕೆ ಹೇಳುತ್ತಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಅವನು ಕದಲಲಿಲ್ಲ. ಅವಳು ಚಾಲಕರ ಕಡೆ ತಿರುಗಿದಳು. “ನಿಮ್ಮಲ್ಲಿ ಯಾರಾದರೂ ಬನ್ನಿ” ಎಂದಳು. ಯಾರೂ ಬರಲಿಲ್ಲ.

“ನೀವು ಯಾರೂ ಕೂರದ ಲಾರಿಯಲ್ಲಿ ನಾನು ಬಸುರಿಯರನ್ನು ಕೂರಿಸುವುದಿಲ್ಲ” ಎಂದಳು.

ವ್ಯಾಪಾರಿ ಮತ್ತೆ ಕೀಲಿ ಕೇಳಲಿಲ್ಲ. ಅವಳು ಹಳೆಯ ಟೈರು ಹಾಕಿಕೊಂಡೇ ಹೊರಟಳು. ಕಲ್ಲು ಇಳಿಸಿ ಜೋಳ ಹೇರಿದಳು. ಜೊತೆಗೆ ಎರಡು ಗಟ್ಟಿ ಹಲಗೆ, ಎರಡು ಸಲಿಕೆ, ಗಾಳಿ ತುಂಬುವ ಪಂಪು. ನದಿಯ ದಂಡೆಯಲ್ಲಿ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದಳು. ಆದರೂ ಲಾರಿ ಎರಡು ಸಲ ಹೂತಿತು. ಅವಳು ಮರಳು ತೋಡಿದಳು, ಚಕ್ರದಡಿ ಹಲಗೆ ಕೊಟ್ಟಳು, ಲಾರಿಯನ್ನು ಮೇಲೆ ತಂದಳು. ಹಿಂದೆ ಬಂದ ದೊಡ್ಡ ಟೈರಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಅವಳನ್ನು ದಾಟಿ ಬೇರೊಂದು ಊರಿನ ದಾರಿ ಹಿಡಿಯಿತು. ಅವಳು ತಲೆಯೆತ್ತಲಿಲ್ಲ. ಒಂದು ಇಡೀ ದಿನ ಹೋಯಿತು. ಕಳೆದ ಸಲ ಮೂರು ದಿನ ಹೋಗಿತ್ತು. ಉಪ್ಪಿನ ಊರು ಮುಟ್ಟಿದವಳೇ ಮೊದಲು ಔಷಧಿ ಇಳಿಸಿದಳು. ಈ ಸಲ ಕಾಯುತ್ತಿದ್ದವರೆಲ್ಲ ಬದುಕಿದ್ದರು. ಒಬ್ಬೊಬ್ಬರ ಕೈಗೂ ತಾನೇ ಕೊಟ್ಟಳು.

ಮರಳುವಾಗ ಮೂಟೆಗಳ ಮೇಲೆ ಹದಿನಾಲ್ಕು ಜನ ಇದ್ದರು. ಕೊನೆಯ ದಿನ ಇಳಿಜಾರು ಮುಟ್ಟುವ ಹೊತ್ತಿಗೆ ಅವರಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿತ್ತು. ಚಾಲಕಿ ಇಳಿಜಾರಿನ ನೆತ್ತಿಯಲ್ಲಿ ಗೇರು ಇಳಿಸಿದಳು. ನಿಧಾನವಾಗಿ ಬಂದಳು, ಬ್ರೇಕ್ ಒತ್ತಿದಳು, ತಿರುಗಿಸಿದಳು. ಲಾರಿ ತಿರುವು ದಾಟಿ ಬಯಲಿಗೆ ಬಂತು. ಮೂಟೆಗಳ ಮೇಲೆ ಮಲಗಿದ್ದವರಿಗೆ ಎಚ್ಚರವೂ ಆಗಲಿಲ್ಲ.

ತಾಣದಲ್ಲಿ ವ್ಯಾಪಾರಿ ಕಾಯುತ್ತಿದ್ದ. ಅವನು ಜನರನ್ನು ಎಣಿಸಿ ನೋಡಿದ. ಟೈರುಗಳನ್ನು ನೋಡಿದ.

“ಮರಳಿನಲ್ಲಿ ಒಂದು ದಿನ ಕಳೆದೆಯಂತೆ. ಇಳಿಜಾರಿನಲ್ಲೋ, ಏನೂ ನಡೆಯಲಿಲ್ಲ. ಅಷ್ಟೆಲ್ಲ ಹೆದರಿಸಿದೆಯಲ್ಲ?” ಎಂದ.

“ಹೌದು, ಏನೂ ನಡೆಯಲಿಲ್ಲ. ಹಳೆಯ ಟೈರು ಹಾಕಿದ್ದೇ ಅದಕ್ಕೆ” ಎಂದಳು ಚಾಲಕಿ. ಕೀಲಿಯನ್ನು ಅಂಗೈ ಮೇಲಿಟ್ಟು ಅವನ ಮುಂದೆ ಚಾಚಿದಳು. “ಮುಂದಿನ ತಿಂಗಳೂ ಇದೇ ಟೈರು. ಬೇಡವೆಂದರೆ ತೆಗೆದುಕೊಳ್ಳಿ.”

ಹೆರಿಗೆ ನೋವಿನ ಹೆಂಗಸನ್ನು ಆಗ ಕೆಳಗಿಳಿಸುತ್ತಿದ್ದರು. ವ್ಯಾಪಾರಿ ಅತ್ತ ನೋಡಿದ. ಕೀಲಿ ತೆಗೆದುಕೊಳ್ಳಲಿಲ್ಲ. ನೀನೇ ಸರಿ ಎಂದೂ ಹೇಳಲಿಲ್ಲ. ಚಾಲಕಿ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮುಖ ತೊಳೆಯಲು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ತೋಟಪ್ಪನ ಮುಖ ಅರಳಿತ್ತು. ಅವನು ನೆಟ್ಟಗೆ ಕೂತು, “ತಿಳಿಯಿತು, ಗುರುಗಳೇ. ಎಲ್ಲರೂ ನಕ್ಕರೂ ಅವಳು ಬಗ್ಗಲಿಲ್ಲ. ನಾನೂ ಬಗ್ಗುವುದಿಲ್ಲ” ಎಂದ.

“ಅವಳು ಏಳು ದಿನ ಓಡಿಸಿ ನೋಡಿ ಬೇಡ ಎಂದಳು. ಹಿರೇಬಯಲಿನಲ್ಲಿ ನೀನು ಎಷ್ಟು ದಿನ ಇದ್ದು ಬಂದೆ, ತೋಟಪ್ಪ?” ಎಂದು ಗುರುಗಳು ಕೇಳಿದರು.